ಲಿಥಿಯಂ ಸಿಕ್ಕಿದೆ ಸರಿ, ಸವಳೋ ಸಿಹಿಯೋ?

ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಮೊನ್ನೆ ಮತ್ತೆ ಅದೇ ಹಳೆಯ ಸುದ್ದಿ ಬಂತು. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ (ಬ್ಯಾಟರಿಗೆ ಬೇಕಾದ ಲೋಹ) ಸಿಕ್ಕಿದೆ, ಇನ್ನು ನಾವು ಯಾರ ಮುಂದೆಯೂ ಕೈಚಾಚಬೇಕಿಲ್ಲ ಅಂತ. ಕಳಿಸಿದವರು ಬಸವನ ಬಾಗೇವಾಡಿಯ ನಮ್ಮ ಕಾಕಾ.

ಫೋನ್ ಮಾಡಿ ಕೇಳಿದೆ: "ಕಾಕಾ, ನಿಮ್ಮ ಹೊಲದಾಗ ಮೊದಲನೇ ಬೋರ್ ಹೊಡೆಸಿದಾಗ ಏನಾತು?"

ನೀರು ಬಿದ್ದಿತ್ತು. ಊರೆಲ್ಲ ಪೇಡೆ ಹಂಚಿದ್ದರು. ಆಮೇಲೆ ನೋಡಿದರೆ ಸವಳು ನೀರು. ದ್ರಾಕ್ಷಿಗೆ ಬಿಟ್ಟರೆ ಎಲೆಯ ಅಂಚೆಲ್ಲ ಸುಡುತ್ತಿತ್ತು. ನೀರು ಇದ್ದದ್ದು ಸುಳ್ಳಲ್ಲ, ಬೆಳೆಗೆ ಬರಲಿಲ್ಲ ಅಷ್ಟೇ.

ಖನಿಜದ್ದೂ ಇದೇ ಕಥೆ. ನೆಲದಲ್ಲಿ ಇದೆ ಅನ್ನೋದು ಒಂದು ಲೆಕ್ಕ. ಇವತ್ತಿನ ಯಂತ್ರದಿಂದ, ಇವತ್ತಿನ ಬೆಲೆಗೆ, ನಷ್ಟವಿಲ್ಲದೆ ತೆಗೆಯಬಹುದು ಅನ್ನೋದು ಬೇರೆಯೇ ಲೆಕ್ಕ. ಈ ಎರಡನೆಯದನ್ನು ಮಾತ್ರ ನಿಕ್ಷೇಪ ಅಂತ ಕರೆಯಬೇಕು. ನಮ್ಮ ಟಿವಿಯವರು ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ನನಗೆ ಸಿಟ್ಟು ಬರೋದು ಇಲ್ಲೇ.

ರಿಯಾಸಿಯ 59 ಲಕ್ಷ ಟನ್ ಲೋಹದ ತೂಕ ಅಲ್ಲ, ಅದಿರಿನ ತೂಕ. ಅದೂ ಹುಡುಕಾಟದ ಜಿ-3 ಹಂತದ, ಅಂದರೆ ಇನ್ನೂ ಕಚ್ಚಾ ಅಂದಾಜು. ಜಿ-4ರಿಂದ ಶುರುವಾಗುವ ಹುಡುಕಾಟ ಜಿ-1ಕ್ಕೆ ಬಂದಾಗಲೇ ಲೆಕ್ಕ ಗಟ್ಟಿಯಾಗೋದು. 2023ರ ಫೆಬ್ರವರಿಯಲ್ಲಿ ದೇಶವೇ ಕುಣಿಯಿತು. ಮುಂದಿನ ವರ್ಷ ಹರಾಜಿಗೆ ಬೇಕಾದಷ್ಟು ಬಿಡ್‌ದಾರರೇ ಬರದೆ ಅದು ರದ್ದಾಯಿತು. ನಮ್ಮ ಮಂಡ್ಯದ ಲಿಥಿಯಂದೂ ಹಾಗೇ ಆಯ್ತಲ್ವಾ? ಮೊದಲು 14,100 ಟನ್ ಅಂದರು. 2021ರಲ್ಲಿ ಅಧಿಕೃತವಾಗಿ ಹೇಳಿದ್ದು 1,600 ಟನ್.

ವೆನೆಜುವೆಲಾ ನೋಡಿ. 30,000 ಕೋಟಿ ಬ್ಯಾರೆಲ್ ತೈಲ, ಜಗತ್ತಿನಲ್ಲೇ ಅತಿ ಜಾಸ್ತಿ. ಆದರೆ ಬಹುಪಾಲು ಡಾಂಬರಿನಂತೆ ದಪ್ಪ, ಶುದ್ಧ ಮಾಡುವ ಘಟಕಗಳೂ ಹಾಳಾಗಿದ್ದವು. 2020ರಲ್ಲಿ ಆ ದೇಶ ಇರಾನಿನಿಂದ ಪೆಟ್ರೋಲ್ ತರಿಸಿಕೊಂಡಿತು.

ಅಷ್ಟು ದೂರ ಯಾಕೆ? ಕಲ್ಲಿದ್ದಲಿನಲ್ಲಿ ನಮ್ಮ ದೇಶ ಶ್ರೀಮಂತ, ನಿಜ. ಆದರೆ ಅದರಲ್ಲಿ ಬೂದಿ ಜಾಸ್ತಿ. ಉಕ್ಕಿನ ಕುಲುಮೆಗೆ ಬೇಕಾದ ಒಳ್ಳೆ ಕಲ್ಲಿದ್ದಲನ್ನು ಇವತ್ತಿಗೂ ಹಡಗಿನಲ್ಲಿ ತರಿಸುತ್ತೇವೆ.

ಕಾಕಾ ಸ್ವಲ್ಪ ಹೊತ್ತು ಸುಮ್ನಿದ್ದರು. "ಹಂಗಾರ ಸವಳು ಯಾವುದು, ಸಿಹಿ ಯಾವುದು ಅಂತ ನಮಗ ಹೆಂಗ ಗೊತ್ತಾಗಬೇಕು ತಮ್ಮಾ?" ಅಂದರು.

ಮುಂದಿನ ಸಲ ಇಂಥ ಸುದ್ದಿ ಬಂದರೆ, ಅದು ಜಿ ಎಷ್ಟನೇ ಹಂತ ಅಂತ ಬರೆದಿದ್ದಾರಾ ನೋಡಿರಿ, ಬರೆದಿಲ್ಲ ಅಂದರೆ ಮುಂದಕ್ಕೆ ಕಳಿಸಬ್ಯಾಡ್ರಿ ಅಂದೆ.