ಛಾವಣಿ ನಮ್ಮದು, ಫಲಕ ಅವರದು
ನಮ್ಮ ಛಾವಣಿಯ ಮೇಲೆ ಕಂಪನಿ ಸೋಲಾರ್ ಫಲಕ ಹಾಕುತ್ತದೆ, ಅದರ ವಿದ್ಯುತ್ತನ್ನು ನಾವು ಕೊಳ್ಳುತ್ತೇವೆ: ಇದೇ ಛಾವಣಿ ಸೋಲಾರ್ ವಿದ್ಯುತ್ ಖರೀದಿ ಕರಾರು. ಇದರಿಂದ ಗ್ರಾಹಕನಿಗೆ ಲಾಭವೇ ಲಾಭ ಎಂದು ಲೇಖನವೊಂದರಲ್ಲಿ ಓದಿದೆ. ಅರ್ಧ ಒಪ್ಪುತ್ತೇನೆ. ಫಲಕ ಹಾಕುವ ಖರ್ಚು ಕಂಪನಿಯದು, ನಾವು ಕೊಡುವುದು ಯೂನಿಟ್ ಲೆಕ್ಕದ ದುಡ್ಡು, ಸರಿ. ಆದರೆ ಇಂಥ ಕರಾರುಗಳು ಸಾಮಾನ್ಯವಾಗಿ 15-25 ವರ್ಷದವು. ದರ ವರ್ಷವರ್ಷ ಇಂತಿಷ್ಟು ಏರುತ್ತದೆ ಎಂಬ ಸಾಲು ಹಲವು ಕರಾರುಗಳ ಒಳಪುಟದಲ್ಲಿ ಎಲ್ಲೋ ಇರುತ್ತದೆ. ಗ್ರಿಡ್ (ಊರಿಗೆಲ್ಲ ಕರೆಂಟ್ ಕೊಡುವ ವಿದ್ಯುತ್ ಜಾಲ) ದರ ಅಷ್ಟು ಏರದಿದ್ದರೆ ಉಳಿತಾಯ ಕರಗಿತು. ನಡುವೆ ಮನೆ ಮಾರಿದರೆ ಕರಾರು ಯಾರ ತಲೆಗೆ?

ಇನ್ನೊಂದು ವಿಷಯ. ಬ್ಯಾಟರಿ ಇಲ್ಲದ ಮಾಮೂಲಿ ವ್ಯವಸ್ಥೆಯಲ್ಲಿ ಗ್ರಿಡ್ ಕರೆಂಟ್ ಹೋದರೆ, ಫಲಕದ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ಕೂಡ ತಾನಾಗಿಯೇ ನಿಲ್ಲುತ್ತದೆ (ಫಲಕದ ಕರೆಂಟ್ ಹೊರಗೆ ಹರಿದು ಲೈನ್ ದುರಸ್ತಿ ಮಾಡುವವರಿಗೆ ಶಾಕ್ ಹೊಡೆಯಬಾರದಲ್ಲ). ನೆತ್ತಿ ಸುಡುವ ಬಿಸಿಲಿದ್ದರೂ ಒಳಗೆ ಫ್ಯಾನ್ ತಿರುಗದು. ಮಾರಲು ಬರುವವರು ಇದನ್ನು ತಾವಾಗಿ ಹೇಳಿದ್ದನ್ನು ನಾನಂತೂ ಕೇಳಿಲ್ಲ.