ಅಮೆರಿಕದ ರಸ್ತೆಗೆ ಪುಟ್ಟ ಕಾರು ಒಗ್ಗುತ್ತದೆಯೇ?

ಪರ

ಅಮೆರಿಕನ್ನರಿಗೆ ಪುಟ್ಟ ಕಾರು ಹಿಡಿಸುವುದಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. 1968ರಲ್ಲಿ ಅವರು ಸುಮಾರು ನಾಲ್ಕು ಲಕ್ಷ ಫೋಕ್ಸ್‌ವ್ಯಾಗನ್ ಬೀಟಲ್‌ಗಳನ್ನು ಕೊಂಡರು. ಆಗ ಪೆಟ್ರೋಲ್ ಅಗ್ಗವಾಗಿಯೇ ಇತ್ತು ಎಂಬುದನ್ನು ಮರೆಯಬಾರದು. 2008ರಲ್ಲಿ ಎರಡೇ ಸೀಟಿನ, 2.7 ಮೀಟರ್ ಉದ್ದದ ಸ್ಮಾರ್ಟ್ ಫೋರ್‌ಟೂ ಬಂದಾಗಲೂ ಮೊದಲ ವರ್ಷವೇ 24 ಸಾವಿರಕ್ಕೂ ಹೆಚ್ಚು ಕಾರುಗಳು ಮಾರಾಟವಾದವು.

ಅಲ್ಲಿ ಕೆಲಸಕ್ಕೆ ಹೋಗುವ ಮೂವರಲ್ಲಿ ಇಬ್ಬರಾದರೂ ಕಾರಿನಲ್ಲಿ ಒಂಟಿಯಾಗಿಯೇ ಹೋಗುತ್ತಾರೆ. ಒಬ್ಬ ಮನುಷ್ಯನನ್ನು ಕಚೇರಿಗೆ ಮುಟ್ಟಿಸಲು ಎರಡು ಟನ್ ಕಬ್ಬಿಣವನ್ನು ಎಳೆದೊಯ್ಯಬೇಕೇ? ಸ್ಯಾನ್ ಫ್ರಾನ್ಸಿಸ್ಕೋದ ಇಳಿಜಾರು ಬೀದಿಗಳಲ್ಲಿ ಪಾರ್ಕಿಂಗ್ ಜಾಗಕ್ಕಾಗಿ ಸುತ್ತಿ ಸುತ್ತಿ ಬೇಸತ್ತವರನ್ನು ಕೇಳಿ ನೋಡಿ.

ನನ್ನ ಕೋಪವೆಲ್ಲ ಸರ್ಕಾರದ ನಿಯಮದ ಮೇಲೆ. 2011ರ ಮಾದರಿಗಳಿಂದ ಇಂಧನ ಉಳಿತಾಯದ ಗುರಿಯನ್ನು ನಾಲ್ಕು ಚಕ್ರಗಳ ನಡುವಿನ ವಿಸ್ತೀರ್ಣಕ್ಕೆ ಗಂಟು ಹಾಕಿದ್ದಾರೆ. ಗಾಡಿ ಹಿಗ್ಗಿದಷ್ಟೂ ಗುರಿ ಸಡಿಲ. ಲಾಭವೂ ದೊಡ್ಡ ಗಾಡಿಯಲ್ಲೇ ಇರುವಾಗ ಕಂಪನಿಗಳು ಚಿಕ್ಕದನ್ನು ಏಕೆ ತಯಾರಿಸಿಯಾವು?

ವಿರೋಧ

ಬೀಟಲ್ ಕಾಲದ ರಸ್ತೆ ಇಂದು ಉಳಿದಿಲ್ಲ. ದಶಕಗಳಿಂದ ಅಲ್ಲಿ ಅತಿ ಹೆಚ್ಚು ಬಿಕರಿಯಾಗುತ್ತಿರುವುದು ಫೋರ್ಡ್‌ನ ಎಫ್ ಸರಣಿಯ ಪಿಕಪ್‌ಗಳು, ಅಂದರೆ ಹಿಂಬದಿ ತೆರೆದಿರುವ ಭಾರೀ ಗಾಡಿಗಳು. ಅವುಗಳ ನಡುವೆ ಸುಮಾರು 820 ಕಿಲೋ ತೂಕದ ಫೋರ್‌ಟೂ ಓಡಿಸುವವರ ಅಂಜಿಕೆಯನ್ನು ಹೇಡಿತನ ಎನ್ನಲಾಗದು. 2009ರಲ್ಲಿ, ವಿಮಾ ಕಂಪನಿಗಳ ಹಣದಿಂದ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆ ಈ ಕಾರನ್ನು ಮರ್ಸಿಡಿಸ್ ಸಿ-ಕ್ಲಾಸ್‌ಗೆ ಮುಖಾಮುಖಿ ಡಿಕ್ಕಿ ಹೊಡೆಸಿತು. ಅದಕ್ಕೆ ಮುಂಚೆ ತಡೆಗೋಡೆಯ ಪರೀಕ್ಷೆಯಲ್ಲಿ ಉತ್ತಮ ಎನಿಸಿಕೊಂಡಿದ್ದ ಕಾರು ಇಲ್ಲಿ ನೆಲಬಿಟ್ಟು ಎಗರಿ, ಒಂದು ಸುತ್ತಿಗೂ ಹೆಚ್ಚು ತಿರುಗಿ ನಿಂತಿತು. ಭಾರದ ಗಾಡಿ ಹಗುರವಾದುದನ್ನು ಹಿಂದಕ್ಕೆ ನೂಕುತ್ತದೆ. ಆ ಪೆಟ್ಟು ಒಳಗಿರುವವರ ಮೈಗೆ. ಕಾರಿನ ಕವಚ ಎಷ್ಟೇ ಗಟ್ಟಿಯಾಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಇಷ್ಟೆಲ್ಲ ಅಪಾಯ ಹೊತ್ತು ಉಳಿಸುವುದಾದರೂ ಎಷ್ಟು? ಸರ್ಕಾರಿ ಲೆಕ್ಕದಲ್ಲಿ ಫೋರ್‌ಟೂ ಓಡುವುದು ಗ್ಯಾಲನ್‌ಗೆ (ಸುಮಾರು 3.8 ಲೀಟರ್‌ಗೆ) 36 ಮೈಲಿ, ಅದೂ ದುಬಾರಿ ಪ್ರೀಮಿಯಂ ಪೆಟ್ರೋಲಿನಲ್ಲಿ. ಪೆಟ್ರೋಲ್ ಜೊತೆಗೆ ವಿದ್ಯುತ್ ಮೋಟಾರೂ ಇರುವ, ಐವರು ಕೂರುವ ಟೊಯೊಟಾ ಪ್ರಿಯಸ್ ಅಂದೇ 46 ಕೊಡುತ್ತಿತ್ತು. ಅದರ ಬೆಲೆ ಹೆಚ್ಚು, ನಿಜ.

ಪೆಟ್ರೋಲ್ 2008ರ ಜುಲೈನಲ್ಲಿ ಗ್ಯಾಲನ್‌ಗೆ ನಾಲ್ಕು ಡಾಲರ್ ದಾಟಿತ್ತು, ಡಿಸೆಂಬರ್ ಹೊತ್ತಿಗೆ ಎರಡಕ್ಕಿಂತ ಕೆಳಗಿಳಿಯಿತು. ಮರುವರ್ಷ ಫೋರ್‌ಟೂ ಮಾರಾಟ 15 ಸಾವಿರವನ್ನೂ ಮುಟ್ಟಲಿಲ್ಲ. 2019ರಲ್ಲಿ ಅದು ಅಮೆರಿಕದಿಂದ ಕಾಲ್ತೆಗೆಯಿತು. ಮರುವರ್ಷ ಹೋಂಡಾ ಫಿಟ್, ಟೊಯೊಟಾ ಯಾರಿಸ್ ಎಂಬ ಪುಟ್ಟ ಕಾರುಗಳೂ ಅದೇ ದಾರಿ ಹಿಡಿದವು. ಚಿಕ್ಕ ಮಕ್ಕಳನ್ನು ಹಿಂದಿನ ಸೀಟಿನಲ್ಲೇ ಕೂರಿಸಿ ಎನ್ನುತ್ತಾರೆ ಅಲ್ಲಿನ ಮಕ್ಕಳ ವೈದ್ಯರು. ಫೋರ್‌ಟೂಗೆ ಹಿಂದಿನ ಸೀಟೇ ಇಲ್ಲ.