ಮಷೀನ್ ಎಲ್ಲಿಡ್ತಿ ತಂಗಿ?

ಗೃಹಪ್ರವೇಶದ ಊಟ ಮುಗಿಸಿ, ಎಲೆ-ಅಡಿಕೆ ಮೆಲ್ಲುತ್ತ ಕೋಣೆ ಕೋಣೆ ನೋಡಿಬರುವ ಹಿರಿಯರೊಬ್ಬರು ಹುಬ್ಬಳ್ಳಿ-ಧಾರವಾಡದ ಪ್ರತಿ ಹೊಸ ಮನೆಗೂ ಬಂದೇ ಬರುತ್ತಾರೆ. "ಎಲ್ಲಾ ಛಲೋ ಆಗೇತಿ. ಅರಿವಿ ಒಗಿಯೋ ಮಷೀನ್ ಎಲ್ಲಿಡ್ತಿ ತಂಗಿ?" ತಂಗಿ ಗಂಡನ ಮುಖ ನೋಡುತ್ತಾಳೆ. ಗಂಡ ಗೌಂಡಿಯ ಮುಖ ನೋಡುತ್ತಾನೆ. ಎರಡನೇ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುವ ಗೌಂಡಿ, "ಎಲ್ಲ್ಯಾರ ಇಟ್ರಾತ್ರಿ, ಒಂದ್ ಪೈಪ್ ಜಗ್ಗಿದ್ರ ಆತು" ಅನ್ನುತ್ತಾನೆ.

ಆ ಒಂದು ಪೈಪಿನಲ್ಲೇ ಇದೆ ಎಲ್ಲ ಅನಾಹುತ.

ನೀರಿನ ಸಂಪಿಗೆ ಈಶಾನ್ಯ, ಒಲೆಗೆ ಆಗ್ನೇಯ ಎಂದು ಬಾಗಿಲನ್ನು ಆರು ಇಂಚು ಸರಿಸಲು ಮೂರು ಸಲ ಬರುವ ವಾಸ್ತುದವರು ಮಷೀನಿಗೊಂದು ದಿಕ್ಕು ತೋರಿಸುವುದಿಲ್ಲ. ಹಳೆಯ ಮನೆಯಲ್ಲಿ ಜೋಳಕ್ಕೆ ಹಗೇವು, ಗಡಿಗೆಗೆ ನ್ಯಾಗೊಂದಿಗೆ, ಒಗೆಯಲು ಹಿತ್ತಲ ಕಲ್ಲು ಇತ್ತು. ಈಗ ಟಿವಿಗೆ ಒಂದು ಇಡೀ ಗೋಡೆ. ಮಷೀನು ಕೇಳುವುದು ಎರಡೂವರೆ ಅಡಿ ಚೌಕ, ಬಾಗಿಲು ತೆರೆಯಲು ಮುಂದೆ ಅಷ್ಟೇ ಜಾಗ, ನಳದಿಂದ ಹನಿ ಸಿಡಿಯದಷ್ಟು ದೂರದಲ್ಲಿ 16 ಆಂಪಿಯರ್‌ನ ಪ್ಲಗ್ಗು, ಒಂದು ಮೋರಿ.

ಮೋರಿ ಇದೆಯಲ್ಲ ಎಂದು ಮಷೀನಿನ ಕೊಳೆನೀರಿನ ಪೈಪಿನ ತುದಿಯನ್ನು ನೆಲದ ಜಾಳಿಗೆಗೆ ಬಿಡುತ್ತಾರೆ. ತುದಿ ಮಷೀನಿನೊಳಗಿನ ನೀರಿಗಿಂತ ಕೆಳಗಿದ್ದರೆ ಪಂಪಿನ ಹಂಗಿಲ್ಲದೆ ನೀರು ತಾನೇ ಇಳಿದು ಹೋಗುತ್ತದೆ. ಮಷೀನು ತುಂಬಿಸುತ್ತದೆ, ಪೈಪು ಖಾಲಿ ಮಾಡುತ್ತದೆ. ವಾರಕ್ಕೊಮ್ಮೆ ನಳ ಬರುವ ಓಣಿಯಲ್ಲಿ, ಕಾದು ಹಿಡಿದ ಮಲಪ್ರಭೆ ಬಟ್ಟೆ ಮುಟ್ಟದೆ ಗಟಾರ ಸೇರುತ್ತಾಳೆ. ರಿಪೇರಿಯವ ಬಂದು ವಾಲ್ವ್ ಬದಲಿಸುತ್ತಾನೆ. ವಾಲ್ವಿನದೇನು ತಪ್ಪು? ಗೋಡೆಗೆ 50 ಮಿಲಿಮೀಟರಿನ ಪೈಪು ನಿಲ್ಲಿಸಿ, ಬಾಯಿಯನ್ನು ನೆಲದಿಂದ ಎರಡೂವರೆ ಅಡಿ ಮೇಲಿಟ್ಟು, ಬುಡಕ್ಕೆ ಸದಾ ಒಂದಿಷ್ಟು ನೀರು ನಿಲ್ಲುವ ಬಾಗು, ಅಂದರೆ ಟ್ರ್ಯಾಪ್, ಕೂಡಿಸಿ, ಮಷೀನಿನ ಪೈಪನ್ನು ಗೇಣುದ್ದ ಮಾತ್ರ ಇಳಿಬಿಟ್ಟರೆ ಮುಗಿಯಿತು. ಅಷ್ಟಾದ ಮೇಲೂ ಯಾರೋ ಜಾಣರು ವಾಸನೆ ಬರುತ್ತದೆಂದು ಬಾಯಿಗೆ ಟೇಪು ಸುತ್ತುತ್ತಾರೆ. ಗಾಳಿಯ ದಾರಿ ಕಟ್ಟಿತೋ, ಮತ್ತೆ ಅದೇ ನೀರಿನ ಜಗ್ಗಾಟ. ವಾಸನೆ ತಡೆಯುವುದು ಟ್ರ್ಯಾಪಿನಲ್ಲಿ ನಿಂತ ನೀರು. ಬೇಸಿಗೆ ರಜೆಗೆ ಊರಿಗೆ ಹೋಗಿಬಂದಾಗ ಅದು ಒಣಗಿರುತ್ತದೆ, ಒಂದು ತಂಬಿಗೆ ಸುರಿದರೆ ಸಾಕು. ಟೇಪು ಸುತ್ತಿದ ಕೈಗೆ ಆ ತಂಬಿಗೆ ಎತ್ತಲು ಏನು ಧಾಡಿ?

ಉಳಿದವುಗಳ ಪಾಡೂ ಇದೇ. ಇನ್ವರ್ಟರ್ ಬ್ಯಾಟರಿ ಮೆಟ್ಟಿಲ ಕೆಳಗೆ ಚಪ್ಪಲಿಗಳ ಜೊತೆ. ಚಾರ್ಜ್ ಆಗುವಾಗ ಅದು ಜಲಜನಕ ಬಿಡುತ್ತದೆ, ಗಾಳಿಯಾಡಬೇಕು. ನೀರು ಹಾಕಲು ತಲೆಯ ಮೇಲೆ ಒಂದೂವರೆ ಅಡಿ ಬೇಕು. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಕಿಂಡಿ ನೆಲದ ಮಟ್ಟದಲ್ಲಿರಬೇಕು. ಇವರು ಛಾವಣಿಗೆ ಫ್ಯಾನು ಹಾಕಿ ನಿಶ್ಚಿಂತರು. ಸೋಲಾರ್ ಬಿಸಿನೀರಿನ ಡ್ರಮ್ಮಿಗಿಂತ ನೀರಿನ ಟಾಕಿ ಎತ್ತರವಿರಬೇಕೆಂಬುದು ನೆನಪಾಗುವುದು ಟಾಕಿ ಕಟ್ಟಿ, ಬಣ್ಣ ಬಳಿದ ಮೇಲೆ.

ಕೊನೆಗೆ ಮಷೀನಿಗೆ ಜಾಗ ಸಿಗುವುದು ದೇವರ ಕೋಣೆಯ ಹಿಂಬದಿಯ ಓಣಿಯಲ್ಲಿ, ಗೋಡೆಗೆ ಒತ್ತಿ. ಹಿಂಡುವಾಗ ಆಚೆ ಗಂಟೆ ತಾನೇ ಬಾರಿಸುತ್ತದೆ.